ಬಾಗಿಲು ಯಾವುದು ಅಂತ ಗೊತ್ತಿಲ್ಲದೆ ಬೀಗ ಹಾಕೋರಿಗೆ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಇವತ್ತು ಬಂದಿದ್ದು ಜಗಳ ಆಡೋಕೆ. ಮೊದಲೇ ಹೇಳಿಬಿಟ್ಟಿದೀನಿ, ಆಮೇಲೆ ಬೈಕೋಬೇಡಿ :-)

ನಾಲ್ಕು ಜನ ಸಾಫ್ಟ್‌ವೇರಿನವರು ಸೇರಿದ ಕಡೆ ಒಬ್ಬ "ಮನೇಲಿ ಒಂದು ಸರ್ವರ್ ಇಟ್ಕೊಂಡಿದೀನಿ, ಫೈರ್‌ವಾಲ್ ಕೂಡ ಅದರೊಳಗೇ ವಿಎಂ ಮಾಡಿ ಓಡಿಸ್ತಿದೀನಿ" ಅಂದರೆ ಸಾಕು, ಮುಂದಿನ ಅರ್ಧ ಗಂಟೆ ಏನು ಮಾತಾಗುತ್ತೆ ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಪಿಎಫ್‌ಸೆನ್ಸ್ ಒಳ್ಳೇದಾ, ಓಪಿಎನ್‌ಸೆನ್ಸ್ ಒಳ್ಳೇದಾ? ಇಂಟೆಲ್ ಕಾರ್ಡಾ, ರಿಯಲ್‌ಟೆಕ್ಕಾ? ವಿಎಂ ಮಾಡಬಹುದಾ, ಬೇರೆ ಪೆಟ್ಟಿಗೇನೇ ಬೇಕಾ? ಎಲ್ಲಾ ಮಾತಾಡ್ತಾರೆ. "ಯಾವ ವೈರು ಯಾವ ತೂತಿಗೆ ಹೋಗಿದೆ, ಆ ತೂತು ಯಾರ ಕೈಲಿದೆ?" ಅಂತ ಮಾತ್ರ ಒಬ್ಬನೂ ಕೇಳಲ್ಲ.

ನನ್ನ ತಕರಾರು ಇಷ್ಟೇ. ಫೈರ್‌ವಾಲ್ ಅನ್ನೋದು ಡೌನ್‌ಲೋಡ್ ಮಾಡಿ ಹಾಕಿಕೊಳ್ಳೋ ಸಾಮಾನಲ್ಲ. ಒಳಗೆ ಯಾವುದು, ಹೊರಗೆ ಯಾವುದು, ನಡುವೆ ಎಷ್ಟು ದಾರಿ ಇದೆ ಅನ್ನೋ ತೀರ್ಮಾನವೇ ಫೈರ್‌ವಾಲ್. ಆ ತೀರ್ಮಾನ ನೆಟ್‌ವರ್ಕ್ ಇಂಟರ್‌ಫೇಸ್‌ಗಳನ್ನು ಜೋಡಿಸುವಾಗಲೇ ಆಗಿಹೋಗುತ್ತೆ. ಅಲ್ಲಿ ತಪ್ಪಿದರೆ ಮೇಲೆ ನೀವು ಸಾವಿರ ರೂಲ್ ಬರೆದರೂ ಅದು ಕಾಂಪೌಂಡ್ ಇಲ್ಲದ ಸೈಟಿಗೆ ಗೇಟ್ ನಿಲ್ಲಿಸಿದ ಹಾಗೆ.

ಇದನ್ನ ಹೇಳೋ ಯೋಗ್ಯತೆ ನನಗೆ ಬಂದಿದ್ದು ಬುದ್ಧಿವಂತಿಕೆಯಿಂದ ಅಲ್ಲ. ನಾನೇ ಮೂರು ವಾರ ಆ ಕಾಂಪೌಂಡ್ ಇಲ್ಲದ ಸೈಟಲ್ಲಿ ಕೂತು ಗೇಟಿಗೆ ಬೀಗ ಹಾಕಿಕೊಂಡು ಮೀಸೆ ತಿರುವುತ್ತಿದ್ದೆ. ಕೇಳಿ.

ನನ್ನ ಕಥೆ

ಎಸ್.ಪಿ. ರೋಡಲ್ಲಿ ಆಫೀಸಿನಿಂದ ಬಿಸಾಕಿದ ಒಂದು ಚಿಕ್ಕ ಪಿಸಿ ತಂದೆ. ಅದರ ಬೋರ್ಡ್‌ನಲ್ಲಿ ಒಂದು ನೆಟ್‌ವರ್ಕ್ ಪೋರ್ಟ್ ಇತ್ತು. ಎರಡು ಪೋರ್ಟಿನ ಒಂದು ಸೆಕೆಂಡ್ ಹ್ಯಾಂಡ್ ಇಂಟೆಲ್ ಕಾರ್ಡ್ ಹಾಕಿಸಿದೆ. ಒಟ್ಟು ಮೂರು. ಬಸವೇಶ್ವರನಗರದ ಮನೆಗೆ ತಂದು ಟಿವಿ ಸ್ಟ್ಯಾಂಡಿನ ಕೆಳಗೆ ಕೂರಿಸಿ ಪ್ರಾಕ್ಸ್‌ಮಾಕ್ಸ್ ಹಾಕಿದೆ.

ಈ ವಿದ್ಯೆ ಗೊತ್ತಿಲ್ಲದವರಿಗೆ ಎರಡು ಸಾಲು: ಪ್ರಾಕ್ಸ್‌ಮಾಕ್ಸ್ ಅಂದರೆ ಒಂದೇ ಕಂಪ್ಯೂಟರಿನೊಳಗೆ ಹತ್ತು ಸುಳ್ಳು ಕಂಪ್ಯೂಟರ್ ಓಡಿಸೋ ಲಿನಕ್ಸ್. ಆ ಸುಳ್ಳು ಕಂಪ್ಯೂಟರ್‌ಗಳಿಗೆ ನಿಜವಾದ ಪೋರ್ಟ್ ಸಿಗಬೇಕಲ್ಲ? ಅದಕ್ಕೆ ನಡುವೆ 'ಬ್ರಿಡ್ಜ್' ಅಂತ ಒಂದು ಸುಳ್ಳು ಸ್ವಿಚ್ ಇರುತ್ತೆ. ಒಂದು ಕಡೆ ನಿಜದ ಪೋರ್ಟ್, ಇನ್ನೊಂದು ಕಡೆ ವಿಎಂಗಳು. ಮೊದಲನೇ ಬ್ರಿಡ್ಜಿನ ಹೆಸರು ವಿಎಂಬಿಆರ್0. ಇನ್‌ಸ್ಟಾಲ್ ಮಾಡುವಾಗ ನೀವು ಆರಿಸಿದ ಪೋರ್ಟನ್ನ ಅದಕ್ಕೆ ಸೇರಿಸಿ, ಸರ್ವರಿನ ಸ್ವಂತ ಐಪಿ ವಿಳಾಸವನ್ನೂ ಅದಕ್ಕೇ ಅಂಟಿಸಿಬಿಡುತ್ತೆ.

ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋಗಿದ್ದು ಅಲ್ಲೇ.

ಇನ್‌ಸ್ಟಾಲ್ ಮಾಡುವಾಗ ನಾನು ಕೇಬಲ್ ಚುಚ್ಚಿದ್ದು ಇಂಟರ್ನೆಟ್ ಕಂಪನಿಯವರು ಕೊಟ್ಟ ಡಬ್ಬದಿಂದ. ಹಾಗಾಗಿ ವಿಎಂಬಿಆರ್0 ಹೊರಗಿನ ಕಡೆ ಆಯ್ತು. ಇನ್ನೊಂದು ಪೋರ್ಟಿಗೆ ವಿಎಂಬಿಆರ್1 ಮಾಡಿ ಮನೆಯೊಳಗಿನ ಕಡೆ ಅಂದೆ. ಓಪಿಎನ್‌ಸೆನ್ಸ್ ವಿಎಂಗೆ ಎರಡನ್ನೂ ಕೊಟ್ಟೆ, ಒಂದು ವ್ಯಾನ್, ಒಂದು ಲ್ಯಾನ್.

ಮೊದಲ ದಿನ ಏನೂ ನಡೀಲಿಲ್ಲ. ಡಬ್ಬದ ವಿಳಾಸ 192.168.1.1. ಓಪಿಎನ್‌ಸೆನ್ಸ್ ಲ್ಯಾನ್ ಕಡೆ ತಾನಾಗೇ ಇಟ್ಟುಕೊಳ್ಳೋ ವಿಳಾಸವೂ 192.168.1.1! ಎರಡೂ ಕಡೆ ಒಂದೇ ಬೀದಿ, ಒಂದೇ ಡೋರ್ ನಂಬರ್. ಪಾಪ, ಪ್ಯಾಕೆಟ್ ಯಾವ ಮನೆಗೆ ಹೋಗಬೇಕು? ಅಮ್ಮನ ಸೀರಿಯಲ್ ನಿಂತಿತ್ತು, ತಂಗಿಯ ಕ್ಲಾಸ್ ನಿಂತಿತ್ತು. ರಾತ್ರಿ ಹನ್ನೊಂದಕ್ಕೆ ಒಳಗಿನ ಬೀದಿಯನ್ನ 192.168.10 ಅಂತ ಬದಲಾಯಿಸಿದೆ. ಎಲ್ಲಾ ಓಡಿತು. ಆನಂದವೋ ಆನಂದ.

ಲ್ಯಾಪ್‌ಟಾಪಿಂದ ಸರ್ವರಿನ ಪುಟ ತೆರೆದರೆ ತೆರೀತಿತ್ತು. ಮನೆಯ ಫೋಟೋಗಳಿಗೆ ಅಂತ ಇನ್ನೊಂದು ವಿಎಂ ಮಾಡಿದೆ, ಅದೂ ಓಡಿತು. ಅಪ್ಪನ ವರ್ಕ್‌ಶಾಪಿನ ಲೆಕ್ಕದ ಫೈಲುಗಳನ್ನೂ ಅಲ್ಲೇ ಹಾಕಿದೆ. ಮೂರು ವಾರ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

"ಡ್ರಾಯಿಂಗ್ ಎಲ್ಲಪ್ಪಾ?"

ನಮ್ಮಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಲೇತ್ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದೋರು. ಒಂದು ಭಾನುವಾರ ಟಿವಿ ಕೆಳಗಿನ ಆ ವೈರುಗಳ ಗೊಂಚಲು ನೋಡಿ,

"ಏನೋ ಇದು? ಯಾವುದು ಎಲ್ಲಿಗೆ ಹೋಗುತ್ತೆ?" ಅಂದರು.

"ಎಲ್ಲಾ ಸೆಟ್ ಆಗಿದೆ ಅಪ್ಪಾ, ಫೈರ್‌ವಾಲ್ ಹಾಕಿದೀನಿ."

"ಅದು ಸರಿ. ಡ್ರಾಯಿಂಗ್ ಎಲ್ಲಪ್ಪಾ?"

"ಡ್ರಾಯಿಂಗ್ ಎಲ್ಲಾ ಏನೂ ಇಲ್ಲ, ತಲೇಲಿದೆ."

"ತಲೇಲಿರೋದು ಡ್ರಾಯಿಂಗ್ ಅಲ್ಲ ಕಣೋ, ಅದು ಅಂದಾಜು. ಡ್ರಾಯಿಂಗ್ ಇಲ್ಲದೆ ನಾನು ಒಂದು ಬುಷ್ ಕೂಡ ತಿರುಗಿಸಿಲ್ಲ."

ರೇಗಿತು. ತೋರಿಸೇಬಿಡೋಣ ಅಂತ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆಯೋಕೆ ಕೂತೆ. ಡಬ್ಬ. ಅಲ್ಲಿಂದ ವಿಎಂಬಿಆರ್0. ಅಲ್ಲಿಂದ ಫೈರ್‌ವಾಲ್. ಅಲ್ಲಿಂದ ವಿಎಂಬಿಆರ್1. ಅಲ್ಲಿಂದ ಲ್ಯಾಪ್‌ಟಾಪ್. ಈಗ ಸರ್ವರಿನ ಸ್ವಂತ ವಿಳಾಸ ಎಲ್ಲಿ ಬರೀಬೇಕು? ವಿಎಂಬಿಆರ್0 ಮೇಲೆ. ಫೋಟೋ ವಿಎಂ? ಹೊಸ ವಿಎಂ ಮಾಡುವಾಗ ಬ್ರಿಡ್ಜಿನ ಜಾಗದಲ್ಲಿ ತಾನಾಗೇ ವಿಎಂಬಿಆರ್0 ಬಂದಿರುತ್ತೆ, ನಾನು ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ದೆ. ಅದೂ ವಿಎಂಬಿಆರ್0.

ಪೆನ್ನು ಅಲ್ಲೇ ನಿಂತಿತು...

ಸರ್ವರ್ ಗೋಡೆಯ ಹೊರಗಿದೆ. ಫೋಟೋಗಳೂ ಹೊರಗೆ. ಲೆಕ್ಕದ ಪುಸ್ತಕವೂ ಹೊರಗೆ. ನಾನು ಇಷ್ಟು ದಿನ ಮನೆಯೊಳಗಿಂದ ಗೋಡೆ ದಾಟಿ ಬೀದಿಗೆ ಹೋಗಿ ನನ್ನದೇ ಸರ್ವರನ್ನ ನೋಡಿ ಬರ್ತಿದ್ದೆ! ಒಳಗಿಂದ ಹೊರಗೆ ಹೋಗೋಕೆ ಫೈರ್‌ವಾಲ್ ಸಲೀಸಾಗಿ ಬಿಡುತ್ತಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಗೋಡೆಯೊಳಗೆ ಭದ್ರವಾಗಿದ್ದಿದ್ದು ನನ್ನ ಲ್ಯಾಪ್‌ಟಾಪ್ ಒಂದೇ. ಅಮ್ಮನ ಫೋನು, ಟಿವಿ ಎಲ್ಲಾ ಇನ್ನೂ ಕಂಪನಿ ಡಬ್ಬದ ವೈಫೈಗೇ ಅಂಟಿಕೊಂಡಿದ್ದವು, ಅವೂ ಹೊರಗೆ.

ಡಬ್ಬದ ನ್ಯಾಟ್ ಇದೆಯಲ್ಲ, ಹೊರಗಿಂದ ಯಾರೂ ಬರೋಕಾಗಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೂ ಮನಸ್ಸು ತಡೀಲಿಲ್ಲ. ಸರ್ವರಿನ ವಿಳಾಸಗಳ ಪಟ್ಟಿ ತೆಗೆದೆ. ನಾನು ಕೊಟ್ಟ ಐಪಿವಿ4 ವಿಳಾಸದ ಕೆಳಗೆ ನಾನು ಕೊಡದೇ ಇದ್ದ ಇನ್ನೊಂದು ಇತ್ತು. 2ರಿಂದ ಶುರುವಾಗೋ ಉದ್ದನೆಯ ಐಪಿವಿ6. ಡಬ್ಬ ಹೊರಗಿನ ಬೀದೀಲಿ ಸಾರುತ್ತಿದ್ದ ವಿಳಾಸವನ್ನ ಸರ್ವರ್ ತಾನಾಗೇ ತಗೊಂಡಿತ್ತು. ಫೋನಿನ ವೈಫೈ ಆಫ್ ಮಾಡಿದೆ. ಮೊಬೈಲ್ ಡೇಟಾದಿಂದ ಆ ವಿಳಾಸ ಹೊಡೆದು ಕೊನೆಗೆ ಪೋರ್ಟ್ 8006 ಹಾಕಿದೆ.

ನನ್ನ ಸರ್ವರಿನ ಲಾಗಿನ್ ಪುಟ ಬಂತು.

ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ಬರ್ತಿತ್ತು ಅದು. ಪಾಸ್‌ವರ್ಡ್ ಒಂದೇ ನಡುವೆ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ ನೋಡಿ.

"ಡಬ್ಬ ಸಾಕು ಬಿಡಿ ಸಾರ್" ಅನ್ನೋರಿಗೆ

ಈ ಕಥೆ ಕೇಳಿ ಕೆಲವರು "ಅದಕ್ಕೇ ಹೇಳಿದ್ದು, ಕಂಪನಿ ಕೊಟ್ಟ ಡಬ್ಬ ಇಟ್ಕೊಂಡು ಸುಮ್ಮನಿರಬೇಕು" ಅಂದರು. ಸ್ವಾಮಿ, ಬಾಗಿಲು ತೆರೆದಿಟ್ಟಿದ್ದೇ ಆ ಡಬ್ಬ! ಐಪಿವಿ6ಗೆ ಅದರೊಳಗಿನ ತಡೆ ಆಫ್ ಆಗಿತ್ತು. ಆನ್ ಮಾಡೋಣ ಅಂದರೆ ಆ ಮೆನು ನನಗೆ ಕೊಟ್ಟ ಲಾಗಿನ್‌ನಲ್ಲಿ ಕಾಣ್ತಾನೇ ಇರಲಿಲ್ಲ.

ಇನ್ನು ನ್ಯಾಟ್ ಅನ್ನೋ ನಂಬಿಕೆ. ನ್ಯಾಟ್ ಹುಟ್ಟಿದ್ದು ವಿಳಾಸಗಳ ಬರಕ್ಕೆ, ಕಳ್ಳರ ಭಯಕ್ಕಲ್ಲ. ಆ ಬರ ಎಷ್ಟು ಅಂದರೆ, ಕಂಪನಿಗಳು ತಾವೇ ಒಂದು ನ್ಯಾಟ್ ಮಾಡಿ ಬೀದಿಗೆಲ್ಲಾ ಒಂದು ವಿಳಾಸ ಹಂಚೋಕೆ ಅಂತಲೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನ ಎತ್ತಿಟ್ಟರು. ನಿಮ್ಮ ಡಬ್ಬದ ಹೊರಗಿನ ವಿಳಾಸ ಆ ಸಾಲಿನಲ್ಲಿದ್ದರೆ ನೀವೂ ಆ ವಠಾರದ ಬಾಡಿಗೆದಾರರೇ. ಆದರೆ ಐಪಿವಿ6ನಲ್ಲಿ ವಿಳಾಸಕ್ಕೆ ಬರವೇ ಇಲ್ಲ. ಪ್ರತಿ ಟಿವಿಗೂ ಪ್ರತಿ ಬಲ್ಬಿಗೂ ಸ್ವಂತ ಡೋರ್ ನಂಬರ್. ಅಲ್ಲಿ ನ್ಯಾಟ್ ಅಡ್ಡ ನಿಲ್ಲಲ್ಲ, ಗೋಡೆ ಕಟ್ಟಿದರೆ ಮಾತ್ರ ಗೋಡೆ.

ಡಬ್ಬವನ್ನ ದೂರದಿಂದ ಸರಿಮಾಡೋಕೆ ಕಂಪನಿಗಳು ಇಟ್ಟುಕೊಳ್ಳೋ ಹಿಂಬಾಗಿಲೇ ಒಂದು ಕಥೆ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟುನಿಂತಿದ್ದು ಆ ಹಿಂಬಾಗಿಲಿನ ಪೋರ್ಟನ್ನ ಮಿರಾಯ್ ಜಾತಿಯ ಮಾಲ್‌ವೇರ್ ತಟ್ಟಿದ್ದರಿಂದ. ಜರ್ಮನಿ ದೂರ ಆಯ್ತು ಅಂತೀರಾ? 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್ ಬಡಿದು ಕೂತವು. ಸಿಕ್ಕಿಬಿದ್ದಿದ್ದು 'ಅಡ್ಮಿನ್' ಅನ್ನೋ ಹುಟ್ಟು ಪಾಸ್‌ವರ್ಡನ್ನ ಬದಲಾಯಿಸದೇ ಇದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಾಯಿಸಿ ಅಂತ ಆಮೇಲೆ ಕಂಪನಿಯೇ ಜನರನ್ನ ಕೇಳಿಕೊಳ್ಳಬೇಕಾಯ್ತು. ಡಬ್ಬ ಸಾಕು ಅನ್ನೋದು ಬುದ್ಧಿಮಾತಲ್ಲ, ಸೋಮಾರಿತನ.

ಡಬ್ಬವನ್ನ ಬರೀ ಕೊಳವೆ ಮಾಡಿಕೊಡಿ, ಅಂದರೆ ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ ಅಂತ ನಾನು ಕಂಪನಿಯವರನ್ನ ಕೇಳಿದೆ. ಕಂಬದಿಂದ ಮರಕ್ಕೆ, ಮರದಿಂದ ನಮ್ಮ ಟೆರೇಸಿಗೆ ಫೈಬರ್ ಎಳೆದ ಹುಡುಗ "ಅದೆಲ್ಲ ಆಗಲ್ಲ ಸಾರ್, ಸ್ಪೀಡ್ ಬರ್ತಿದೆ ತಾನೇ?" ಅಂದ. ನಾಲ್ಕನೇ ಫೋನಿಗೆ ಆಯ್ತು. ದುಡ್ಡು ಕೊಡೋ ಮನೆಯವನು ತನ್ನ ಬಾಗಿಲಿನ ಕೀಲಿ ಕೇಳೋಕೆ ನಾಲ್ಕು ಸಲ ಗೋಗರೀಬೇಕು ಅನ್ನೋದು ಯಾವ ನ್ಯಾಯ?

"ವಿಎಂ ಮಾಡಲೇಬಾರದು" ಅನ್ನೋರಿಗೆ

ಇನ್ನೊಂದು ಪಂಗಡ ಇದೆ. "ಫೈರ್‌ವಾಲನ್ನ ವಿಎಂ ಒಳಗೆ ಇಡೋದೇ ತಪ್ಪು, ನಿನಗೆ ಆಗಿದ್ದೂ ಅದಕ್ಕೇ" ಅನ್ನೋರು. ಅವರ ಮಾತಲ್ಲಿ ಒಂದು ಪಾಲು ನಿಜ ಇದೆ, ಒಪ್ಪಿಕೊಳ್ತೀನಿ. 2015ರಲ್ಲಿ ವೆನಮ್ ಅನ್ನೋ ದೋಷ ಸಿಕ್ಕಿತು. ಕ್ಯೂಇಎಂಯುವಿನ ಫ್ಲಾಪಿ ಡ್ರೈವ್ ಕೋಡ್‌ನಲ್ಲಿ ಇದ್ದ ತೂತಿನಿಂದ ವಿಎಂ ಒಳಗಿರೋನು ಹೊರಗೆ ಹಾರಬಹುದಿತ್ತು. ಫ್ಲಾಪಿ ಸತ್ತು ಎಷ್ಟು ವರ್ಷದ ಮೇಲೆ ಬಂದು ಕಾಡಿತು ನೋಡಿ! ಹಾಗಾಗಿ ವಿಎಂ ಅಂದರೆ ಇನ್ನೊಂದು ಪದರ, ಇನ್ನಷ್ಟು ಕೋಡ್, ಇನ್ನಷ್ಟು ಅಪ್‌ಡೇಟ್.

ಆದರೆ ನನಗೆ ಆಗಿದ್ದು ಅದಲ್ಲವಲ್ಲ. ಯಾರೂ ವಿಎಂ ಒಡೆದು ಹಾರಲಿಲ್ಲ. ನಾನು ಹೋಸ್ಟಿನ ವಿಳಾಸವನ್ನ ಬೀದೀಲಿ ಇಟ್ಟಿದ್ದೆ, ಅಷ್ಟೇ. ಬೇರೆ ಪೆಟ್ಟಿಗೆ ತಂದು ಅದರ ಎರಡು ಕೇಬಲ್ ಅದಲು ಬದಲು ಚುಚ್ಚಿದರೂ ಇದೇ ಗತಿ. ಇಷ್ಟಕ್ಕೂ ಎರಡನೇ ಪೆಟ್ಟಿಗೆ, ಎರಡನೇ ಅಡಾಪ್ಟರ್, ಎರಡನೇ ಕರೆಂಟ್ ಬಿಲ್ಲು ಎಲ್ಲರ ಕೈಲೂ ಆಗೋದಲ್ಲ. ಇರೋ ಒಂದು ಹಳೇ ಪಿಸಿಯಲ್ಲಿ ಸರಿಯಾಗಿ ಮಾಡಿಕೊಳ್ಳೋ ದಾರಿ ಇರುವಾಗ "ಮಾಡಲೇಬೇಡ" ಅನ್ನೋದು ಸಲಹೆ ಅಲ್ಲ.

ಸರಿ, ಡ್ರಾಯಿಂಗ್ ಏನು?

ಅವತ್ತು ಸಂಜೆ ಅಪ್ಪನ ಎದುರೇ ಕೂತು ಹೊಸದಾಗಿ ಬರೆದಿದ್ದು ಇದು. ಮೂರು ಪೋರ್ಟಿಗೆ ಮೂರು ಕೆಲಸ.

ಒಂದನೇದು ಹೊರಗಿನ ಪೋರ್ಟ್. ಇದರ ಬ್ರಿಡ್ಜಿಗೆ ಹೋಸ್ಟಿನ ವಿಳಾಸ ಇರಲೇಬಾರದು. ಐಪಿವಿ4ನ ಜಾಗ ಖಾಲಿ, ಐಪಿವಿ6 ಆ ಬ್ರಿಡ್ಜಿನ ಮೇಲೆ ಬಂದ್. ಖಾಲಿ ಬಿಟ್ಟರೆ ಸಾಲದು, ಐಪಿವಿ6 ತಾನಾಗೇ ಬಂದು ಕೂರುತ್ತೆ ಅಂತ ಮೇಲೆ ನೋಡಿದಿರಲ್ಲ. ಈ ಬ್ರಿಡ್ಜಿಗೆ ಫೈರ್‌ವಾಲ್ ವಿಎಂ ಬಿಟ್ಟು ಇನ್ಯಾವ ವಿಎಂಗೂ ಪ್ರವೇಶ ಇಲ್ಲ. ವಿಎಂಬಿಆರ್0 ಅನ್ನೋ ಹೆಸರನ್ನ ಇದಕ್ಕೆ ಕೊಡಲೇಬೇಡಿ. ಕೈ ತಪ್ಪಿ ನೆಕ್ಸ್ಟ್ ಒತ್ತಿದಾಗ ಹೊಸ ವಿಎಂ ಒಳಗೆ ಬೀಳಬೇಕೇ ಹೊರತು ಬೀದಿಗಲ್ಲ.

ಎರಡನೇದು ಒಳಗಿನ ಪೋರ್ಟ್, ಇದೇ ವಿಎಂಬಿಆರ್0. ಹೋಸ್ಟಿನ ವಿಳಾಸ 192.168.10.2 ಇಲ್ಲಿ. ಅದರ ಗೇಟ್‌ವೇ 192.168.10.1, ಅಂದರೆ ಫೈರ್‌ವಾಲ್. ಹಳೇ ವೈಫೈ ರೂಟರನ್ನ ಬರೀ ಆಕ್ಸೆಸ್ ಪಾಯಿಂಟ್ ಮಾಡಿ ಇಲ್ಲಿಗೆ ಹಾಕಿದೆ. ಕಂಪನಿ ಡಬ್ಬದ ವೈಫೈ ಆಫ್. ಇದನ್ನ ಮರೆತರೆ ಮನೆಯವರ ಫೋನೆಲ್ಲಾ ಹೊರಗೇ ಮಲಗಿರುತ್ತೆ.

ಮೂರನೇದು ಬೋರ್ಡಿನ ಪೋರ್ಟ್, ಆಪತ್ತಿಗೆ. ಇದಕ್ಕೆ ಬೇರೆಯದೇ ಒಂದು ವಿಳಾಸ, ಗೇಟ್‌ವೇ ಇಲ್ಲ, ಕೇಬಲ್ಲೂ ಚುಚ್ಚಿರಲ್ಲ. ಫೈರ್‌ವಾಲ್ ಸತ್ತರೆ ಡಿಎಚ್‌ಸಿಪಿಯೂ ಸಾಯುತ್ತೆ, ಲ್ಯಾಪ್‌ಟಾಪಿಗೆ ವಿಳಾಸವೇ ಸಿಗಲ್ಲ. ಆಗ ಲ್ಯಾಪ್‌ಟಾಪಿಗೆ ಕೈಯಾರೆ ವಿಳಾಸ ಕೊಟ್ಟು ಇಲ್ಲಿ ಚುಚ್ಚಿದರೆ ಸರ್ವರ್ ಸಿಗುತ್ತೆ. ಇಲ್ಲದಿದ್ದರೆ ಟಿವಿಯನ್ನೇ ಮಾನಿಟರ್ ಮಾಡಿ ಕೀಬೋರ್ಡ್ ಹುಡುಕಬೇಕು, ಅಮ್ಮನ ಬೈಗುಳ ಬೋನಸ್ಸು :-)

ಇನ್ನೆರಡು ಕಿವಿಮಾತು. ಹೆಸರು ನಂಬಬೇಡಿ, ಮ್ಯಾಕ್ ವಿಳಾಸ ನಂಬಿ. ಓಪಿಎನ್‌ಸೆನ್ಸ್ ಒಳಗೆ ವಿಟಿನೆಟ್0, ವಿಟಿನೆಟ್1 ಅಂತ ಕಾಣುತ್ತೆ. ಯಾವುದು ವ್ಯಾನ್ ಅಂತ ಊಹೆ ಮಾಡಬೇಡಿ, ವಿಎಂ ಪುಟದಲ್ಲಿರೋ ಮ್ಯಾಕ್ ಜೊತೆ ತಾಳೆ ನೋಡಿ. ಹೋಸ್ಟಿನಲ್ಲೂ ಅಷ್ಟೇ, ಹೊಸದೊಂದು ಕಾರ್ಡ್ ಹಾಕಿದರೆ ಪೋರ್ಟಿನ ಹೆಸರಲ್ಲಿರೋ ನಂಬರ್ ಬದಲಾಗಿ ಬ್ರಿಡ್ಜ್ ಅನಾಥ ಆಗಬಹುದು. ಎರಡನೇದು, ಪಿಂಗ್ ಹೋಗುತ್ತೆ ಆದರೆ ಪುಟ ತೆರೆಯಲ್ಲ ಅಂತಾದರೆ ಫೈರ್‌ವಾಲಿನೊಳಗೆ ಹಾರ್ಡ್‌ವೇರ್ ಚೆಕ್‌ಸಮ್ ಆಫ್‌ಲೋಡ್ ಆಫ್ ಇದೆಯಾ ನೋಡಿ. ಸುಳ್ಳು ಕಾರ್ಡಿಗೆ ಎಲ್ಲಿಯ ಹಾರ್ಡ್‌ವೇರ್?

"ಓಡ್ತಿದೆಯಲ್ಲ, ಆಯ್ತಲ್ಲ" ಅನ್ನೋರಿಗೆ

ಇವರ ಮೇಲೇ ನನ್ನ ನಿಜವಾದ ಕೋಪ. ಯಾಕಂದರೆ ನಾನೂ ಇವರಲ್ಲೊಬ್ಬ. ವೀಡಿಯೋ ನೋಡಿ, ಅವನು ಒತ್ತಿದ್ದನ್ನೇ ಒತ್ತಿ, ಯೂಟ್ಯೂಬ್ ಓಡಿದ ತಕ್ಷಣ ಎದ್ದು ಹೋಗೋ ಜಾತಿ. ಇಂಜಿನಿಯರಿಂಗ್ ಓದಿದ್ದೀವಿ ಅಂತ ಬೇರೆ ಹೇಳಿಕೊಳ್ತೀವಿ. ಫೈರ್‌ವಾಲಿನ ಕೆಲಸ ಓಡಿಸೋದಲ್ಲ, ತಡೆಯೋದು. ಬರಬೇಕಾದ್ದು ಬಂತಾ ಅಂತ ನೋಡಿದರೆ ಅರ್ಧ ಪರೀಕ್ಷೆ. ಬರಬಾರದ್ದು ನಿಂತಿತಾ ಅಂತ ನೋಡಿದ್ದೀರಾ?

ಮೂರು ಪರೀಕ್ಷೆ ಮಾಡಿ ಸಾಕು. ಮೊದಲನೇದು, ಮೊಬೈಲ್ ಡೇಟಾದಿಂದ ನಿಮ್ಮ ಮನೆಯ ವಿಳಾಸಗಳನ್ನ ತಟ್ಟಿ, ಐಪಿವಿ6 ಮರೀಬೇಡಿ. ಏನೂ ತೆರೀಬಾರದು. ಎರಡನೇದು, ಫೈರ್‌ವಾಲ್ ವಿಎಂ ನಿಲ್ಲಿಸಿ. ಮನೆಯ ಇಂಟರ್ನೆಟ್ ಪೂರ್ತಿ ನಿಲ್ಲಬೇಕು. ಇನ್ನೂ ಯಾವುದಾದರೂ ಫೋನಲ್ಲಿ ಬರ್ತಿದೆ ಅಂದರೆ ಗೋಡೆಗೆ ಸುತ್ತು ದಾರಿ ಇದೆ ಅಂತ ಅರ್ಥ. ನಾನು ಈ ಒಂದು ಪರೀಕ್ಷೆ ಮೊದಲ ದಿನವೇ ಮಾಡಿದ್ದರೆ ಅಮ್ಮನ ಫೋನಲ್ಲಿ ಸೀರಿಯಲ್ ನಿಲ್ಲದೇ ಓಡೋದು ನೋಡಿ ಗೊತ್ತಾಗ್ತಿತ್ತು. ಮೂರನೇದು, ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಮಳೆ ಬಂದರೆ ಕರೆಂಟ್ ಹೋಗೋ ಊರು ನಮ್ಮದು. ಪಿಸಿ ತಾನಾಗೇ ಏಳಬೇಕು, ಎಲ್ಲಕ್ಕಿಂತ ಮೊದಲು ಫೈರ್‌ವಾಲ್ ಏಳಬೇಕು, ನೀವು ಆಫೀಸಲ್ಲಿದ್ದಾಗ ಮನೆಯವರು ಫೋನ್ ಮಾಡಿ "ಇಂಟರ್ನೆಟ್ ಬರ್ತಿಲ್ಲ" ಅನ್ನಬಾರದು. ಮನೆಯ ನೆಟ್‌ವರ್ಕ್ ಮನೆಯವರದ್ದು, ನಮ್ಮ ಆಟದ ಮೈದಾನ ಅಲ್ಲ.

ಆ ಕ್ಯಾಲೆಂಡರ್ ಹಾಳೆ ಈಗ ಟಿವಿ ಸ್ಟ್ಯಾಂಡಿನ ಹಿಂದೆ ಅಂಟಿಸಿದೆ. ಪೋರ್ಟಿನ ಹೆಸರು, ಮ್ಯಾಕ್, ವಿಳಾಸ, ಯಾವ ಕೇಬಲ್ ಎಲ್ಲಿಗೆ, ಎಲ್ಲಾ ಕನ್ನಡದಲ್ಲಿ. ಮೊನ್ನೆ ನಾನು ಊರಲ್ಲಿಲ್ಲದಾಗ ಕೇಬಲ್ ಸಡಿಲ ಆಗಿತ್ತಂತೆ. ಅಪ್ಪ ಹಾಳೆ ನೋಡಿಕೊಂಡು ತಾವೇ ಚುಚ್ಚಿದರು. ನನಗೆ ಫೋನೂ ಮಾಡಲಿಲ್ಲ.

ಬ್ಲಾಗ್ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನ ಹಗಲಲ್ಲಿ ಇದೇ ಕೆಲಸ ಮಾಡೋರು, ರಾತ್ರಿ ಬಂದು ಕಥೆ ಕವನ ಬರೆಯೋರು. ನಿಮ್ಮ ಮನೆಯ ಡ್ರಾಯಿಂಗ್ ಇದೆಯಾ? ಇದ್ದರೆ ವಿಳಾಸಗಳನ್ನ ಅಳಿಸಿ ಒಂದು ಪೋಸ್ಟ್ ಮಾಡಿ, ಕನ್ನಡದಲ್ಲೇ. ತಪ್ಪಿದ್ದರೆ ನಾವು ಹೇಳ್ತೀವಿ. ನಂದರಲ್ಲಿ ತಪ್ಪಿದ್ದರೆ ಕೆಳಗೆ ಬೈಯಿರಿ, ತಿದ್ದಿಕೊಳ್ತೀನಿ.

ಇಲ್ಲದಿದ್ದರೆ? ಒಂದು ಹಾಳೆ, ಒಂದು ಪೆನ್ನು. ಇವತ್ತೇ ಕೂತುಕೊಳ್ಳಿ. ಬೀಗ ಆಮೇಲೆ ಹಾಕಿದರಾಯ್ತು, ಮೊದಲು ಬಾಗಿಲು ಯಾವುದು ಅಂತ ನೋಡ್ಕೊಳ್ಳಿ.